ಹವ್ಯಾಸಿಯ ಛಾಯಾಚಿತ್ರಕ್ಕೊಂದು ಬೆಲೆ



ಮದುವೆಗೆ ವಾಲಗದವರನ್ನು ಕರೆಯುವವರು ಸಂಭಾವನೆಯ ಮಾತನ್ನು ಮೊದಲೇ ಆಡಿ ಮುಗಿಸುತ್ತಾರೆ. ಬಡಿಗನಿಗೆ ಕಟ್ಟಿಗೆ ಒಪ್ಪಿಸುವವರು ಕೂಲಿಯನ್ನು ಗೊತ್ತು ಮಾಡಿಕೊಂಡೇ ಒಪ್ಪಿಸುತ್ತಾರೆ. ಆದರೆ ಬಿಡುವಿನ ವೇಳೆಯಲ್ಲಿ ಕ್ಯಾಮೆರಾ ಹಿಡಿದು ತಿರುಗುವ ಶಾಲಾಮಾಸ್ತರರೋ, ಸಹಕಾರಿ ಸಂಘದ ಗುಮಾಸ್ತರೋ ತೆಗೆದ ಒಂದು ಚಿತ್ರವನ್ನು ಕಂಡು, ಊರಿನ ವ್ಯಾಪಾರಸ್ಥರೊಬ್ಬರು “ಇದು ಭಾಳ ಚೆಂದ ಬಂದೈತಿ, ನಮ್ಮ ಕ್ಯಾಲೆಂಡರಿಗೆ ಕೊಡ್ರಿ” ಎಂದು ಕೇಳಿದಾಗ ಮಾತ್ರ ಇಬ್ಬರಿಗೂ ನಾಲಿಗೆ ತಡವರಿಸುತ್ತದೆ. ಕೇಳಿದವರಿಗೆ ಬೆಲೆ ಎಷ್ಟೆಂದು ವಿಚಾರಿಸುವ ಸಂಕೋಚ. ಕೊಡುವವರಿಗೆ ಬೆಲೆ ಹೇಳುವ ಸಂಕೋಚ. ಕೊನೆಗೆ “ಇರಲಿ ಬಿಡ್ರಿ, ನಮ್ಮವರೇ ಅಲ್ಲವೇ” ಎಂಬ ಮಾತಿನಲ್ಲಿ ವ್ಯವಹಾರವು ಮುಗಿಯುತ್ತದೆ, ಅಸಮಾಧಾನವು ಆರಂಭವಾಗುತ್ತದೆ.

ಈ ಸಂಕೋಚದ ಹಿಂದಿರುವ ಪ್ರಶ್ನೆ ಚಿಕ್ಕದೇನಲ್ಲ. ಹವ್ಯಾಸಕ್ಕಾಗಿ ಮಾಡಿದ ಕೆಲಸಕ್ಕೆ ಬೆಲೆಯುಂಟೇ? ಉಂಟಾದರೆ ಅದನ್ನು ಗೊತ್ತುಪಡಿಸುವುದು ಹೇಗೆ? ಚಿತ್ರವನ್ನು ಕೊಟ್ಟೆವೆಂದರೆ ನಿಜವಾಗಿ ಏನನ್ನು ಕೊಟ್ಟಂತಾಯಿತು? ಇಂದಿನ ಭಾಷಣದಲ್ಲಿ ಈ ಮೂರು ಪ್ರಶ್ನೆಗಳನ್ನು, ಬೆಳಗಾವಿ ಜಿಲ್ಲೆಯ ಗಡಿಭಾಗವಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನೆಲದ ಮೇಲೆ ನಿಂತು ವಿಚಾರಿಸಬೇಕೆಂದಿದ್ದೇನೆ.

ಈ ನೆಲ ಛಾಯಾಚಿತ್ರಗ್ರಾಹಕನಿಗೆ ಬಡವಾದುದಲ್ಲ. ಹೆದ್ದಾರಿಯಲ್ಲಿ ನಿಪ್ಪಾಣಿಯನ್ನು ಹೊಕ್ಕರೆ ತಂಬಾಕಿನ ಪೇಟೆ, ಬೀಡಿ ಕಟ್ಟುವ ಹೆಣ್ಣುಮಕ್ಕಳ ಚುರುಕಾದ ಬೆರಳುಗಳು. ಯಡೂರಿನಲ್ಲಿ ಕೃಷ್ಣೆಯ ದಂಡೆಯ ಮೇಲಿನ ವೀರಭದ್ರ ದೇವಾಲಯ. ಕುಡಚಿಯ ಬಳಿ ಹೊಳೆಯನ್ನು ದಾಟುವ ರೈಲ್ವೆ ಸೇತುವೆ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಸಾಲುಗಟ್ಟಿ ಬರುವ ಎತ್ತಿನ ಗಾಡಿಗಳು. ಉಗಾರದ ಸಕ್ಕರೆ ಕಾರಖಾನೆಗೆ ಕಬ್ಬು ಹೊತ್ತು ಸಾಗುವ ವಾಹನಗಳ ಸಾಲು. ಅಥಣಿಯಲ್ಲಿ ಚರ್ಮದ ಮೆಟ್ಟು ಹೊಲಿಯುವ ಮನೆಗಳ ಮುಂದಿನ ಕಟ್ಟೆಗಳು. ಇವನ್ನೆಲ್ಲ ಊರವರೇ ತೆಗೆದ ಚಿತ್ರಗಳಿಗೆ ಊರಿನ ಪೇಟೆಯಲ್ಲಿಯೇ ಉಪಯೋಗವಿದೆ. ಪತ್ತಿನ ಸಹಕಾರಿ ಸಂಘಗಳಿಗೆ ಕ್ಯಾಲೆಂಡರು ಬೇಕು. ಖಾನಾವಳಿಗೆ ಗೋಡೆಚಿತ್ರ ಬೇಕು. ಬೆಲ್ಲದ ವ್ಯಾಪಾರಿಗೆ ಚೀಲದ ಮೇಲೊಂದು ಚಿತ್ರ ಬೇಕು. ಮೆಟ್ಟಿನ ಅಂಗಡಿಗೆ ಫಲಕವೂ ಮೊಬೈಲಿನಲ್ಲಿ ಕಳಿಸುವ ಜಾಹೀರಾತೂ ಬೇಕು. ಮೊಬೈಲೇ ಕ್ಯಾಮೆರಾ ಆಗಿರುವ ಈ ಕಾಲದಲ್ಲಿ ಚಿತ್ರ ತೆಗೆಯುವವರು ಹೆಚ್ಚಿದಂತೆ, ಕೇಳದೆಯೇ ಎತ್ತಿಕೊಳ್ಳುವವರೂ ಹೆಚ್ಚಿದ್ದಾರೆ.

ಹವ್ಯಾಸಿ ಎಂಬ ಪದಕ್ಕೆ ನಮ್ಮಲ್ಲಿ ಸ್ವಲ್ಪ ಹಗುರವಾದ ಅರ್ಥ ಅಂಟಿಕೊಂಡಿದೆ. ಅದು ಸರಿಯಲ್ಲ. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಗಳಾಗಿದ್ದವರು. ಹೊಟ್ಟೆಪಾಡಿಗಾಗಿ ಕ್ಯಾಮೆರಾ ಹಿಡಿದವರಲ್ಲ. ಆದರೂ ವನ್ಯಜೀವಿಗಳ ಛಾಯಾಚಿತ್ರಕಾರರೆಂದು ನಾಡಿನ ಹೊರಗೂ ಹೆಸರಾದರು. ಹವ್ಯಾಸಿ ಎಂಬುದು ಅವನ ಜೀವನೋಪಾಯವನ್ನು ಕುರಿತು ಹೇಳುವ ಮಾತು. ಅವನ ಚಿತ್ರದ ಯೋಗ್ಯತೆಯನ್ನು ಕುರಿತ ಮಾತಲ್ಲ. ನಮ್ಮ ಕಾನೂನೂ ಈ ಭೇದವನ್ನು ಮಾಡುವುದಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಛಾಯಾಚಿತ್ರವನ್ನು ತೆಗೆದವನೇ ಅದರ ಕರ್ತೃ. ಅವನಲ್ಲಿ ಸ್ಟುಡಿಯೋ ಇದೆಯೇ, ಕ್ಯಾಮೆರಾ ಎಷ್ಟು ಬೆಲೆಯದು ಎಂದು ಕಾನೂನು ಕೇಳುವುದಿಲ್ಲ. ಸರಕಾರದಲ್ಲಿ ನೋಂದಾಯಿಸಿರಲೇಬೇಕೆಂಬ ಕಟ್ಟಳೆಯೂ ಇಲ್ಲ. ಚಿತ್ರ ಹುಟ್ಟಿದೊಡನೆ ಹಕ್ಕೂ ಹುಟ್ಟುತ್ತದೆ. 2012ರ ತಿದ್ದುಪಡಿಯ ತರುವಾಯ ಆ ಹಕ್ಕು ಕರ್ತೃವಿನ ಜೀವಮಾನಪರ್ಯಂತವೂ ಆಮೇಲೆ 60 ವರ್ಷಗಳವರೆಗೂ ಬಾಳುತ್ತದೆ. ಇಂದು ತೆಗೆದ ಚಿತ್ರ ಮೊಮ್ಮಕ್ಕಳ ಕಾಲಕ್ಕೂ ಆಸ್ತಿಯೇ.

ಚಿತ್ರ ತೆಗೆಯುವುದು ಯಂತ್ರ, ಮನುಷ್ಯನದೇನು ಹೆಚ್ಚುಗಾರಿಕೆ ಎಂಬ ವಾದ ಹಳೆಯದು. ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ಎಂಬ ಛಾಯಾಚಿತ್ರಕಾರನು ಸಾಹಿತಿ ಆಸ್ಕರ್ ವೈಲ್ಡನ ಚಿತ್ರವನ್ನು ತೆಗೆದಿದ್ದನು. ಬರೋ-ಗೈಲ್ಸ್ ಎಂಬ ಕಲ್ಲಚ್ಚಿನ ಕಂಪನಿಯು ಅವನ ಅಪ್ಪಣೆಯಿಲ್ಲದೆ ಅದರ 85,000 ಪ್ರತಿಗಳನ್ನು ಮುದ್ರಿಸಿತು. ಯಂತ್ರದಿಂದ ಮೂಡಿದ ಪ್ರತಿಬಿಂಬಕ್ಕೆ ಕರ್ತೃವೇ ಇಲ್ಲವೆಂದು ಕಂಪನಿ ವಾದಿಸಿತು. 1884ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. ಕುಳ್ಳಿರಿಸಿದ ಭಂಗಿ, ಉಡುಪಿನ ಆಯ್ಕೆ, ಬೆಳಕು ನೆರಳುಗಳ ಹೊಂದಾಣಿಕೆ ಇವೆಲ್ಲ ಸರೋನಿಯ ಮನಸ್ಸಿನಿಂದ ಬಂದವು. ಆದುದರಿಂದ ಚಿತ್ರ ಅವನದೇ ಕೃತಿ ಎಂದಿತು. ಅವನಿಗೆ ದೊರೆತ ಪರಿಹಾರ 610 ಡಾಲರು. ಮೊತ್ತ ದೊಡ್ಡದಲ್ಲ, ಆದರೆ ಅಂದು ಸ್ಥಾಪಿತವಾದ ತತ್ತ್ವ ದೊಡ್ಡದು. ಯಡೂರಿನಲ್ಲಿ ಹೊಳೆಯ ಮೇಲಿನ ಮಂಜು ಹರಿಯುವ ತನಕ ಕಾದು ನಿಂತವನ ತಾಳ್ಮೆಯೂ ಇದೇ ಬಗೆಯ ಕರ್ತೃತ್ವವೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಗಮನಿಸದವರು ತಮ್ಮ ಹಕ್ಕನ್ನು ತಮಗೇ ತಿಳಿಯದಂತೆ ಕಳೆದುಕೊಳ್ಳುತ್ತಾರೆ. ನೀವು ನಿಮ್ಮ ಸಂತೋಷಕ್ಕಾಗಿ ಚಿಂಚಲಿಯ ಜಾತ್ರೆಯಲ್ಲಿ ಚಿತ್ರ ತೆಗೆದಿರಿ, ಆಮೇಲೆ ಅದನ್ನು ಒಂದು ಅಂಗಡಿಯವರು ಕೇಳಿದರು. ಆಗ ಕೃತಿಸ್ವಾಮ್ಯ ನಿಮ್ಮದು. ಅದೇ ಅಂಗಡಿಯವರು ಮೊದಲೇ ಬಂದು, “ಇಷ್ಟು ಹಣ ಕೊಡುತ್ತೇವೆ, ಜಾತ್ರೆಯ ಚಿತ್ರ ತೆಗೆದುಕೊಡಿರಿ” ಎಂದು ನಿಮ್ಮನ್ನು ಕಳಿಸಿದರೆನ್ನಿ. ಆಗ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ಅಧಿನಿಯಮದ 17ನೆಯ ಕಲಮಿನ ಪ್ರಕಾರ ಹಣ ಕೊಟ್ಟು ತೆಗೆಸಿದವರೇ ಕೃತಿಸ್ವಾಮ್ಯದ ಪ್ರಥಮ ಒಡೆಯರು. ಜಾತ್ರೆ ಅದೇ, ಕ್ಯಾಮೆರಾ ಅದೇ, ಕಣ್ಣೂ ಅದೇ. ಆದರೆ ಹಕ್ಕು ಮಾತ್ರ ಮತ್ತೊಬ್ಬರದು. ಆದುದರಿಂದ ಹೇಳಿ ತೆಗೆಸಿದ ಚಿತ್ರಕ್ಕೆ ಹೆಚ್ಚಿನ ಸಂಭಾವನೆ ಕೇಳುವುದು, ಇಲ್ಲವೇ ಹಕ್ಕು ನನ್ನಲ್ಲಿಯೇ ಉಳಿಯತಕ್ಕದ್ದೆಂದು ಮೊದಲೇ ಬರೆಯಿಸಿಕೊಳ್ಳುವುದು ವಿವೇಕ.

ಇನ್ನು ಕೊಡುವುದು ಎಂದರೇನು ಎಂಬ ಪ್ರಶ್ನೆ. ಒಕ್ಕಲುತನದ ಜನರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವಲ್ಲ. ಹೊಲವನ್ನು ಖರೀದಿ ಬರೆದುಕೊಡುವುದು ಬೇರೆ, ಲಾವಣಿಗೆ ಹಾಕುವುದು ಬೇರೆ. ಚಿತ್ರದ ಕೃತಿಸ್ವಾಮ್ಯವನ್ನೇ ವರ್ಗಾಯಿಸುವುದು ಖರೀದಿಯಂತೆ. ಇಂಥ ಉಪಯೋಗಕ್ಕೆ, ಇಷ್ಟು ಕಾಲ ಎಂದು ಪರವಾನಗಿ ಕೊಡುವುದು ಲಾವಣಿಯಂತೆ. ಆದರೆ ಹೊಲಕ್ಕೂ ಚಿತ್ರಕ್ಕೂ ಒಂದು ವ್ಯತ್ಯಾಸವುಂಟು. ಒಂದು ಹೊಲವನ್ನು ಏಕಕಾಲಕ್ಕೆ ಇಬ್ಬರಿಗೆ ಲಾವಣಿಗೆ ಕೊಡಲಾಗದು. ಚಿತ್ರವನ್ನಾದರೋ ಒಬ್ಬರ ಕ್ಯಾಲೆಂಡರಿಗೂ ಮತ್ತೊಬ್ಬರ ಗೋಡೆಗೂ ಒಂದೇ ವರ್ಷ ಕೊಡಬಹುದು. “ಬೇರೆ ಯಾರಿಗೂ ಕೊಡಬಾರದು, ನಮ್ಮೊಬ್ಬರಿಗೇ ಇರಲಿ” ಎಂದು ವ್ಯಾಪಾರಸ್ಥರು ಬಯಸಿದರೆ ಅವರು ನಿಮ್ಮ ಉಳಿದ ಗಿರಾಕಿಗಳನ್ನೆಲ್ಲ ತಡೆದಂತಾಗುತ್ತದೆ. ಆ ತಡೆಗೂ ಬೆಲೆ ಸಲ್ಲಬೇಕು.

ಬಾಯಿಮಾತಿನ ಅಪಾಯ ಎಲ್ಲಿದೆ ಎಂಬುದನ್ನೂ ನೋಡಬೇಕು. ವರ್ಗಾವಣೆಯಾಗಲಿ ಪರವಾನಗಿಯಾಗಲಿ ಬರವಣಿಗೆಯಲ್ಲಿರಬೇಕೆಂದು ಕಾನೂನು ಹೇಳುತ್ತದೆ. ಬರೆದ ಪತ್ರದಲ್ಲಿ ಅವಧಿಯನ್ನು ಹೇಳದೆ ಬಿಟ್ಟರೆ ಅದು 5 ವರ್ಷವೆಂದು ಎಣಿಸಲ್ಪಡುತ್ತದೆ. ಪ್ರದೇಶವನ್ನು ಹೇಳದೆ ಬಿಟ್ಟರೆ ಅದು ಇಡೀ ಭಾರತವೆಂದು ಎಣಿಸಲ್ಪಡುತ್ತದೆ. ಅಥಣಿಯ ಒಂದು ಅಂಗಡಿಯ ದೀಪಾವಳಿಯ ಜಾಹೀರಾತಿಗೆಂದು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟ ಚಿತ್ರ, ಪತ್ರದಲ್ಲಿ ಎರಡು ಮಾತು ಇಲ್ಲದ ಕಾರಣ 5 ವರ್ಷ ದೇಶವೆಲ್ಲ ಸುತ್ತುವ ಅಧಿಕಾರ ಪಡೆಯಬಹುದು. ನಮ್ಮ ಗಡಿಭಾಗದಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಇಲ್ಲಿಯ ಪೇಟೆ ಜಿಲ್ಲೆಯ ಗೆರೆಗೆ ನಿಲ್ಲುವುದಿಲ್ಲ. ಕಾಗವಾಡದ ಗಿರಾಕಿ ಮೀರಜಿಗೂ, ನಿಪ್ಪಾಣಿಯ ಗಿರಾಕಿ ಕೊಲ್ಹಾಪುರಕ್ಕೂ ಸಹಜವಾಗಿ ಹೋಗಿಬರುತ್ತಾನೆ; ಒಂದೇ ಅಂಗಡಿಯ ಫಲಕ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇರುತ್ತದೆ. ಆದುದರಿಂದ ಚಿತ್ರ ಯಾವ ಯಾವ ಊರುಗಳಲ್ಲಿ ಬಳಕೆಯಾಗಬಹುದು ಎಂಬುದನ್ನು ಹೆಸರಿಸಿ ಬರೆಯುವುದು ಇಲ್ಲಿ ಮತ್ತಷ್ಟು ಅವಶ್ಯ.

ಈಗ ಬೆಲೆಯ ವಿಚಾರ. ಪೇಟೆಯಲ್ಲಿ ಚಿತ್ರಕ್ಕೆ ತೂಕವಿಲ್ಲ, ಗಜವಿಲ್ಲ. ಹಾಗೆಂದು ಬೆಲೆ ಗಾಳಿಯಲ್ಲಿ ತೇಲುವುದೂ ಅಲ್ಲ. ಮೂರು ದಿಕ್ಕಿನಿಂದ ಅದನ್ನು ಅಳೆಯಬಹುದು.

ಮೊದಲನೆಯದು, ಚಿತ್ರ ತೆಗೆಯಲು ಬಿದ್ದ ವೆಚ್ಚ. ಪ್ರಯಾಣ, ಉಪಕರಣದ ಸವೆತ, ಕಳೆದ ಹೊತ್ತು. ಮೂರು ಸಲ ಹೋಗಿ ಬರಿಗೈಯಲ್ಲಿ ಮರಳಿ ನಾಲ್ಕನೆಯ ಸಲ ಚಿತ್ರ ದೊರೆತಿದ್ದರೆ ಆ ನಾಲ್ಕೂ ಪ್ರಯಾಣಗಳು ಲೆಕ್ಕಕ್ಕೆ ಸೇರತಕ್ಕವು. ಇದು ಬೆಲೆಯ ಬುನಾದಿ. ಇದಕ್ಕಿಂತ ಕೆಳಗೆ ಇಳಿದರೆ ನೀವು ವ್ಯಾಪಾರಸ್ಥರಿಗೆ ಕೈಯಿಂದ ಹಣ ಕೊಟ್ಟಂತೆ. ಎರಡನೆಯದು, ಚಿತ್ರದ ಉಪಯೋಗ. ಎಷ್ಟು ಪ್ರತಿ, ಎಷ್ಟು ದೊಡ್ಡದು, ಎಷ್ಟು ಕಾಲ, ಎಲ್ಲೆಲ್ಲಿ, ಒಬ್ಬರಿಗೇ ಮೀಸಲೋ ಅಲ್ಲವೋ ಎಂಬುದು. ಮೂರನೆಯದು, ಪರ್ಯಾಯದ ವೆಚ್ಚ. ಈ ಚಿತ್ರ ಸಿಗದಿದ್ದರೆ ಅಂಗಡಿಯವರು ಸ್ಟುಡಿಯೋದವರನ್ನು ಕರೆಯಿಸಿ ತೆಗೆಸಲು ಎಷ್ಟು ಕೊಡಬೇಕಾದೀತು ಎಂಬುದು. ನಿಮ್ಮ ಬೆಲೆ ಬುನಾದಿಗೂ ಈ ಮೇಲಿನ ಗೆರೆಗೂ ನಡುವೆ ಎಲ್ಲಿಯೋ ನಿಲ್ಲುತ್ತದೆ. ಎಲ್ಲಿ ಎಂಬುದನ್ನು ಉಪಯೋಗವು ತೀರ್ಮಾನಿಸುತ್ತದೆ.

ನಿದರ್ಶನಕ್ಕೆಂದು ಒಂದು ಲೆಕ್ಕ ಮಾಡೋಣ. ಇದನ್ನು ಯಾರೂ ದರಪಟ್ಟಿ ಎಂದು ತಿಳಿಯಬಾರದು. ಒಂದು ಸಹಕಾರಿ ಸಂಘವು 2,000 ಗೋಡೆ ಕ್ಯಾಲೆಂಡರುಗಳನ್ನು ಮುದ್ರಿಸುತ್ತದೆ ಎನ್ನೋಣ. ಒಂದಕ್ಕೆ 30 ರೂಪಾಯಿ ತಗಲಿದರೆ ಒಟ್ಟು 60,000 ರೂಪಾಯಿ. ಕಾಗದದವನಿಗೆ, ಮುದ್ರಕನಿಗೆ, ತಗಡು ಬಡಿಯುವವನಿಗೆ ಎಲ್ಲರಿಗೂ ಅದರಲ್ಲಿ ಪಾಲುಂಟು. ಜನರು ಕ್ಯಾಲೆಂಡರನ್ನು ಗೋಡೆಗೆ ಹಾಕುವುದು ತಾರೀಖಿಗಾಗಿ ಎಷ್ಟೋ ಚಿತ್ರಕ್ಕಾಗಿಯೂ ಅಷ್ಟೇ. ಆ ಚಿತ್ರ ತೆಗೆದವರು 3,000 ರೂಪಾಯಿ ಕೇಳಿದರೆ ಅದು ಒಟ್ಟು ಖರ್ಚಿನಲ್ಲಿ ನೂರಕ್ಕೆ 5ರಷ್ಟು, ಒಂದು ಕ್ಯಾಲೆಂಡರಿಗೆ ಒಂದೂವರೆ ರೂಪಾಯಿ. ಈ ರೀತಿ ಬಿಡಿಸಿ ಹೇಳಿದಾಗ ಕೇಳುವವರಿಗೂ ಅದು ಹೊರೆಯೆನಿಸುವುದಿಲ್ಲ, ಹೇಳುವವರಿಗೂ ನಾಚಿಕೆಯೆನಿಸುವುದಿಲ್ಲ. ಅದೇ ಚಿತ್ರ ಮೂರು ವರ್ಷ ಅಂಗಡಿಯ ಮುಂದಿನ ಫಲಕದಲ್ಲಿ ನಿಲ್ಲುವುದಾದರೆ, ಅಥವಾ ಸರಕಿನ ಪೊಟ್ಟಣದ ಮೇಲೆ ಅಚ್ಚಾಗುವುದಾದರೆ ಲೆಕ್ಕವೇ ಬೇರೆ. ಕ್ಯಾಲೆಂಡರು ವರ್ಷಕ್ಕೆ ಹಳತಾಗುತ್ತದೆ. ಪೊಟ್ಟಣದ ಚಿತ್ರವಾದರೋ ಕ್ರಮೇಣ ಆ ಸರಕಿನ ಮುಖವೇ ಆಗಿಬಿಡುತ್ತದೆ. ಅಂಥದನ್ನು ಪ್ರತಿ ವರ್ಷ ನವೀಕರಿಸುವ ಸಂಭಾವನೆಯ ಮೇಲೆ ಕೊಡುವುದು ಲೇಸು.

“ದುಡ್ಡು ಬೇಡ, ಚಿತ್ರದ ಕೆಳಗೆ ನಿಮ್ಮ ಹೆಸರು ಹಾಕುತ್ತೇವೆ” ಎಂಬ ಮಾತನ್ನು ಹವ್ಯಾಸಿಗಳು ಪದೇ ಪದೇ ಕೇಳುತ್ತಾರೆ. ಇದನ್ನು ಸ್ವಲ್ಪ ಪರೀಕ್ಷಿಸಬೇಕು. ಕರ್ತೃವೆಂದು ಗುರುತಿಸಿಕೊಳ್ಳುವ ಹಕ್ಕನ್ನೂ, ತನ್ನ ಮಾನಕ್ಕೆ ಕುಂದು ತರುವಂತೆ ಕೃತಿಯನ್ನು ಕೆಡಿಸಿದರೆ ತಡೆಯುವ ಹಕ್ಕನ್ನೂ ಅಧಿನಿಯಮದ 57ನೆಯ ಕಲಮು ಕರ್ತೃವಿಗೆ ಕೊಟ್ಟಿದೆ. ಕೃತಿಸ್ವಾಮ್ಯವನ್ನು ಮಾರಿದ ಮೇಲೂ ಈ ಹಕ್ಕು ಅವನಲ್ಲಿಯೇ ಉಳಿಯುತ್ತದೆ. ಅಂದಮೇಲೆ ಹೆಸರು ನಿಮಗೆ ಮೊದಲೇ ಸಲ್ಲತಕ್ಕದ್ದು. ಸಲ್ಲತಕ್ಕದ್ದನ್ನೇ ಬೆಲೆಯೆಂದು ಎಣಿಸಿಕೊಟ್ಟರೆ ವ್ಯವಹಾರ ಸಮವಾಗಲಿಲ್ಲ.

ಹಣ ತೆಗೆದುಕೊಳ್ಳದೆ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. 2019ರಲ್ಲಿ ಕೃಷ್ಣೆ ಉಕ್ಕಿ ಹರಿದು ಈ ತಾಲ್ಲೂಕುಗಳ ಹೊಳೆಸಾಲಿನ ಊರುಗಳೆಲ್ಲ ನೀರಿನಲ್ಲಿ ನಿಂತಂಥ ಸಂದರ್ಭದಲ್ಲಿ ನೆರವಿನ ಮನವಿಗೆ ಚಿತ್ರ ಕೇಳಿದರೆ ಬೆಲೆಯ ಮಾತು ಬರಕೂಡದು. ಶಾಲೆಯ ಸ್ಮರಣಸಂಚಿಕೆಗೆ, ಗ್ರಂಥಾಲಯದ ಗೋಡೆಗೆ ಸಂತೋಷದಿಂದ ಕೊಡಬಹುದು. ಆದರೆ ದಾನವು ದಾನವಾಗಬೇಕಾದರೆ ಕೊಡುವವನಿಗೆ ತಾನು ಕೊಡುತ್ತಿರುವುದು ಏನೆಂದು ತಿಳಿದಿರಬೇಕು. ಸಂಕೋಚದಿಂದ ಕೊಟ್ಟದ್ದು ದಾನವಲ್ಲ, ನಷ್ಟ.

ಆ ನಷ್ಟ ಕೊಟ್ಟವನೊಬ್ಬನದೇ ಆಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಸಂಬಳ ಬರುವ ಹವ್ಯಾಸಿಯು ಚಿತ್ರವನ್ನು ಪುಕ್ಕಟೆಯಾಗಿ ಕೊಟ್ಟಾಗ, ಅದೇ ಬೀದಿಯಲ್ಲಿ ಸ್ಟುಡಿಯೋ ಇಟ್ಟು ಬಾಡಿಗೆ, ದೀಪದ ಖರ್ಚು, ಹುಡುಗರ ಸಂಬಳ ತೆರುವವನ ಒಂದು ದಿನದ ಅನ್ನಕ್ಕೆ ಕೈಹಾಕಿದಂತಾಗುತ್ತದೆ. ಮೊಬೈಲು ಬಂದ ಮೇಲೆ ಸಣ್ಣ ಊರಿನ ಸ್ಟುಡಿಯೋಗಳ ಕಷ್ಟ ಎಲ್ಲರಿಗೂ ಗೊತ್ತಿದ್ದದ್ದೇ. ಹವ್ಯಾಸಿ ತನ್ನ ಚಿತ್ರಕ್ಕೆ ನ್ಯಾಯವಾದ ಬೆಲೆ ಕೇಳುವುದು ದುರಾಶೆಯಲ್ಲ. ಅದು ನೆರೆಯವನ ವೃತ್ತಿಗೆ ತೋರುವ ಮರ್ಯಾದೆಯೂ ಹೌದು.

ಇನ್ನೊಬ್ಬರು ಈ ವ್ಯವಹಾರದಲ್ಲಿದ್ದಾರೆ. ಅವರನ್ನು ಸಾಮಾನ್ಯವಾಗಿ ಯಾರೂ ನೆನೆಯುವುದಿಲ್ಲ. ಅವರು ಚಿತ್ರದೊಳಗಿನ ಮನುಷ್ಯರು. ಅಥಣಿಯ ಮೆಟ್ಟುಗಳ ಕಥೆಯನ್ನೇ ತೆಗೆದುಕೊಳ್ಳಿರಿ. ಲೋಕವು ಅವುಗಳನ್ನು ಕೊಲ್ಹಾಪುರಿ ಎಂದು ಕರೆಯುತ್ತದೆ. ಆದರೆ ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಳಿಸಿದ ಚರ್ಮದಿಂದ ಅವನ್ನು ಮಾಡುವ ಅಸಂಖ್ಯ ಕೈಗಳು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಮನೆಗಳಲ್ಲಿವೆ. 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ಬೆಳಗಾವಿಯೂ ಸೇರಿ ಕರ್ನಾಟಕದ 4 ಜಿಲ್ಲೆಗಳಿಗೂ ಆ ಹೆಸರಿನಲ್ಲಿ ಪಾಲು ಬಂದಿತು. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರಾಡಾ ಸಂಸ್ಥೆಯು ಇಂಥವೇ ಮೆಟ್ಟುಗಳನ್ನು ಮೂಲದ ಹೆಸರೆತ್ತದೆ ಪ್ರದರ್ಶಿಸಿತು. ಟೀಕೆ ಎದ್ದ ಮೇಲೆಯೇ ಅವು ಭಾರತದ ಕುಶಲಕರ್ಮಿಗಳ ಪರಂಪರೆಯಿಂದ ಪ್ರೇರಿತವಾದವೆಂದು ಅದು ಒಪ್ಪಿಕೊಂಡಿತು. ನಮ್ಮವರಿಗೆಲ್ಲ ಸಿಟ್ಟು ಬಂದಿತು; ಬರಬೇಕಾದದ್ದೇ.

ಆದರೆ ಅದೇ ಅಳತೆಗೋಲಿನಿಂದ ನಮ್ಮನ್ನೂ ಅಳೆದುಕೊಳ್ಳಬೇಡವೇ? ಮೆಟ್ಟಿನ ಪಟ್ಟಿ ಹೆಣೆಯುತ್ತ ಕುಳಿತ ಮುದುಕಿಯ ಚಿತ್ರವನ್ನು ನಾವು ತೆಗೆದು, ಅವಳ ಹೆಸರು ಕೇಳದೆ, ಪೇಟೆಯ ದೊಡ್ಡ ಅಂಗಡಿಗೆ ಮಾರಿದರೆ, ಮಿಲಾನಿನವರು ಮಾಡಿದ್ದಕ್ಕೂ ನಾವು ಮಾಡಿದ್ದಕ್ಕೂ ಅಂತರ ಪ್ರಮಾಣದ್ದೇ ಹೊರತು ಸ್ವಭಾವದ್ದಲ್ಲ. ಚಿತ್ರದ ಕೃತಿಸ್ವಾಮ್ಯ ಅವಳದಲ್ಲ, ನಿಜ. ಆದರೆ ಮುಖ ಅವಳದು. ಒಬ್ಬರ ಹೆಸರನ್ನೋ ರೂಪವನ್ನೋ ಅವರ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ಅವರ ಖಾಸಗಿತನಕ್ಕೆ ಧಕ್ಕೆಯೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1994ರ ರಾಜಗೋಪಾಲ್ ಪ್ರಕರಣದಲ್ಲಿಯೇ ಹೇಳಿದೆ; 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸ್ಥಿರಪಡಿಸಿದೆ. ಆದುದರಿಂದ ಗುರುತು ಹತ್ತುವಂಥ ಮುಖವಿದ್ದ ಚಿತ್ರವನ್ನು ವ್ಯಾಪಾರಕ್ಕೆ ಕೊಡುವ ಮೊದಲು ಆ ವ್ಯಕ್ತಿಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿಹೇಳಿ ಪಡೆಯಬೇಕು. ಬಂದ ಸಂಭಾವನೆಯಲ್ಲಿ ಅವರಿಗೂ ಒಂದು ಪಾಲು ಮುಟ್ಟಬೇಕು. ಕಾನೂನು ಪಾಲಿನ ಮಾತು ಆಡದಿದ್ದರೂ ನ್ಯಾಯ ಆಡುತ್ತದೆ.

ಪರವಾನಗಿ ಪತ್ರವೆಂದರೆ ದೊಡ್ಡ ದಸ್ತೈವಜು ಎಂದು ಹೆದರಬೇಕಾಗಿಲ್ಲ. ಇಂಗ್ಲಿಷಿನಲ್ಲಿಯೇ ಇರಬೇಕೆಂದೂ ಇಲ್ಲ. ನೇರವಾದ ಕನ್ನಡದಲ್ಲಿ ಹೀಗೆ ಬರೆದರೆ ಸಾಕು: “ಕುಡಚಿಯ ಬಳಿಯ ಕೃಷ್ಣಾ ಸೇತುವೆಯನ್ನು ಕುರಿತು ನಾನು ಇಂಥ ದಿನ ತೆಗೆದ ಛಾಯಾಚಿತ್ರವನ್ನು, ತಮ್ಮ ಸಂಘದ ಮುಂದಿನ ವರ್ಷದ ಗೋಡೆ ಕ್ಯಾಲೆಂಡರಿನಲ್ಲಿ, 2,000 ಪ್ರತಿಗಳಿಗೆ ಮೀರದಂತೆ ಮುದ್ರಿಸಿ, ಬೆಳಗಾವಿ, ಸಾಂಗಲಿ, ಕೊಲ್ಹಾಪುರ ಜಿಲ್ಲೆಗಳಲ್ಲಿ ಒಂದು ವರ್ಷದ ಅವಧಿಗೆ ಹಂಚಲು, 3,000 ರೂಪಾಯಿ ಸಂಭಾವನೆಗೆ ಪರವಾನಗಿ ಕೊಟ್ಟಿದ್ದೇನೆ. ಚಿತ್ರದ ಕೆಳಗೆ ನನ್ನ ಹೆಸರನ್ನು ಮುದ್ರಿಸತಕ್ಕದ್ದು. ಬೇರೆ ಉಪಯೋಗಕ್ಕೆ ಹೊಸದಾಗಿ ಅಪ್ಪಣೆ ಪಡೆಯತಕ್ಕದ್ದು. ಕೃತಿಸ್ವಾಮ್ಯವು ನನ್ನಲ್ಲಿಯೇ ಉಳಿದಿದೆ.” ಕೆಳಗೆ ಇಬ್ಬರ ಸಹಿ, ತಾರೀಖು. ಇಷ್ಟೇ. ಮೂಲ ಚಿತ್ರವನ್ನು ಪೂರ್ಣಗಾತ್ರದಲ್ಲಿ ನಿಮ್ಮಲ್ಲಿ ಭದ್ರವಾಗಿಟ್ಟುಕೊಂಡು, ಒಪ್ಪಂದವಾಗುವ ತನಕ ಚಿಕ್ಕ ಗಾತ್ರದ್ದನ್ನು ಮಾತ್ರ ತೋರಿಸಿರಿ. ಮುಂದೆ ತಕರಾರು ಬಂದರೆ ಆ ಮೂಲವೇ ನಿಮ್ಮ ಸಾಕ್ಷಿ.

ಕೇಳದೆ ಬಳಸಿದವರ ವಿಷಯದಲ್ಲಿ ಮೊದಲು ಒಂದು ಸೌಮ್ಯವಾದ ಪತ್ರ, ಜೊತೆಗೆ ನ್ಯಾಯವಾದ ಮೊತ್ತದ ಬಿಲ್ಲು. ಅನೇಕ ಸಂಗತಿಗಳು ಅಲ್ಲಿಗೇ ಮುಗಿಯುತ್ತವೆ. ಮುಗಿಯದಿದ್ದರೆ ದಾವೆಯನ್ನು ತಾನು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ ಹೂಡುವ ಅನುಕೂಲವನ್ನು ಅಧಿನಿಯಮ ಕರ್ತೃವಿಗೆ ಒದಗಿಸಿದೆ. ಪುಣೆಯವರು ಬಳಸಿದರೆಂದು ರಾಯಬಾಗದವನು ಪುಣೆಗೆ ಅಲೆಯಬೇಕಾಗಿಲ್ಲ.

ಹಕ್ಕೆಂದರೆ ಹಣ ಕೇಳುವ ಅಧಿಕಾರ ಮಾತ್ರವಲ್ಲ, ಒಲ್ಲೆನೆನ್ನುವ ಅಧಿಕಾರವೂ ಹೌದು. ಕ್ಯೂಬಾದ ಆಲ್ಬರ್ಟೊ ಕೋರ್ಡಾ 1960ರ ಮಾರ್ಚ್ 5ರಂದು ಹವಾನಾದಲ್ಲಿ ತೆಗೆದ ಚೆ ಗೆವಾರಾನ ಚಿತ್ರ ಜಗತ್ತಿನ ಗೋಡೆಗಳ ಮೇಲೆಲ್ಲ ಹರಡಿತು. ಅವನಿಗೆ ದಶಕಗಳ ಕಾಲ ಬಿಡಿಗಾಸೂ ಬರಲಿಲ್ಲ. ಚೆಯ ಆದರ್ಶಕ್ಕಾಗಿ ಬಳಸಿದವರ ಬಗ್ಗೆ ಅವನು ತಕರಾರು ತೆಗೆಯಲೂ ಇಲ್ಲ. ಆದರೆ ವೋಡ್ಕಾ ಮದ್ಯದ ಜಾಹೀರಾತಿಗೆ ಅದನ್ನು ಬಳಸಿದಾಗ 2000ದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದನು. ರಾಜಿಯಲ್ಲಿ ಬಂದ 50,000 ಡಾಲರುಗಳನ್ನು ತನ್ನ ದೇಶದ ವೈದ್ಯಕೀಯ ಸೇವೆಗೆ ಕೊಟ್ಟುಬಿಟ್ಟನು. ಅವನಿಗೆ ಬೇಕಾದದ್ದು ಹಣವಲ್ಲ, ತನ್ನ ಚಿತ್ರ ಯಾವುದರ ಪರವಾಗಿ ಮಾತನಾಡಬೇಕೆಂದು ನಿರ್ಧರಿಸುವ ಅಧಿಕಾರ. ಬೀಡಿ ಕಟ್ಟುವ ಹೆಣ್ಣುಮಗಳ ಶ್ರಮವನ್ನು ಕಂಡು ಮರುಗಿ ತೆಗೆದ ಚಿತ್ರವನ್ನು ಬೀಡಿಯ ಜಾಹೀರಾತಿಗೆ ಕೇಳಿದರೆ ಕೊಡಬೇಕೋ ಬೇಡವೋ ಎಂಬುದು ಬೆಲೆಯ ಪ್ರಶ್ನೆಯೇ ಅಲ್ಲ. ಅಲ್ಲಿ ಒಲ್ಲೆನೆಂದು ಹೇಳಲು ನಿಮಗೆ ಹಕ್ಕುಂಟು.

ವ್ಯಾಪಾರಸ್ಥರಲ್ಲಿಯೂ ನನ್ನದೊಂದು ಬಿನ್ನಹ. ನಿಮ್ಮ ಅಂಗಡಿಯ ಹೆಸರನ್ನು ಪಕ್ಕದವರು ಬಳಸಿದರೆ ನೀವು ಸುಮ್ಮನಿರುವುದಿಲ್ಲ. ಚಿತ್ರದವನ ಹಕ್ಕೂ ಅಂಥದೇ. ದೂರದ ಪಟ್ಟಣದಲ್ಲಿ ಯಾರೋ ತೆಗೆದ, ಯಾವ ಊರಿನದೋ ತಿಳಿಯದ ಹೊಳೆಯ ಚಿತ್ರಕ್ಕಿಂತ, ನಿಮ್ಮ ಗಿರಾಕಿ ದಿನವೂ ದಾಟುವ ಹೊಳೆಯ ಚಿತ್ರ ನಿಮ್ಮ ಗೋಡೆಯ ಮೇಲೆ ಇರುವುದು ನಿಮಗೂ ಶೋಭೆ. ಅದಕ್ಕೆ ಒಂದಿಷ್ಟು ಕೊಟ್ಟು, ಬರೆದು, ಸಹಿ ಮಾಡಿದರೆ, ಮುಂದಿನ ವರ್ಷವೂ ಆ ಹವ್ಯಾಸಿ ನಿಮಗಾಗಿ ಇನ್ನೊಂದು ಒಳ್ಳೆಯ ಚಿತ್ರವನ್ನು ಇಟ್ಟುಕೊಂಡಿರುತ್ತಾನೆ.

ಸ್ನೇಹವಿರುವಲ್ಲಿ ಲೆಕ್ಕವೇಕೆ ಎಂದು ಕೆಲವರು ಕೇಳುತ್ತಾರೆ. ಲೆಕ್ಕ ಸ್ಪಷ್ಟವಾಗಿರುವಲ್ಲಿ ಸ್ನೇಹ ಕೆಡಲು ಕಾರಣವೇ ಇರುವುದಿಲ್ಲ ಎಂಬುದು ಅದಕ್ಕೆ ಉತ್ತರ.